ತೆಂಪೆ ಕೇಳಿದ ಅಜ್ಜಿ

ಪರ್ಜಿಲಾ ಅಕ್ಕನ ಮೈಮೇಲೆ ಯಾರೂ ಬರುತ್ತಿರಲಿಲ್ಲ.

ನಮ್ಮ ಕಲಿವಾರು ಊರಿನಲ್ಲಿ ಅದು ಸಣ್ಣ ಕೊರತೆಯಲ್ಲ. ತಂಬಾಕಿನ ಕೊಯ್ಲು ಮುಗಿಯಿತೆಂದರೆ ಸುಂಬಿಂಗ್ ಬೆಟ್ಟದ ಈ ಮಗ್ಗುಲಿನಲ್ಲಿ ಮದುವೆಗೂ ಸುನ್ನತಿಗೂ ಬಿದಿರು ಕುದುರೆ ಕುಣಿತ ಆಗಲೇಬೇಕು. ಹೆಣೆದ ಬಿದಿರಿನ ಕುದುರೆಯನ್ನು ಕಾಲ ನಡುವೆ ಸಿಕ್ಕಿಸಿಕೊಂಡು ಗಂಡಸರು ಕುಣಿಯುತ್ತಾರೆ. ಕಂಚಿನ ತಾಳದ ಬಡಿತ ಏರುತ್ತಾ ಹೋದ ಹಾಗೆ ಒಬ್ಬನ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಅವನು ಹೂವಿನ ಎಸಳು ಮೇಯುತ್ತಾನೆ, ಹಸಿ ಮೊಟ್ಟೆ ನುಂಗುತ್ತಾನೆ, ಚಾಟಿಗೆ ಬೆನ್ನು ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ, ಆಮೇಲೆ ಬೇಲಿಯಾಚೆ ನಿಂತು ನೋಡುತ್ತಿದ್ದ ಹೆಂಗಸರು.

ಅಂಥ ಹೊತ್ತಿನಲ್ಲಿ ಬಂದವರನ್ನು ದೆವ್ವ ಎನ್ನುವುದು ಒರಟುತನ. ಅಜ್ಜ, ಅಜ್ಜಿ ಎನ್ನಬೇಕು. ತಾವು ಯಾರು, ಎಲ್ಲಿಂದ ಬಂದಿರಿ, ಏನು ಬೇಕು ಎಂದು ವಿಚಾರಿಸಬೇಕು. ಕೇಳಿದ್ದನ್ನು ಕೊಡಬೇಕು. ಆಮೇಲೆ ಕುಣಿತದ ಮಂತ್ರಗಾರ ಪಾವಾಂಗ್ ಬಂದು ಕಿವಿಯಲ್ಲಿ ಏನೋ ಉಸುರಿ, ಹೆಬ್ಬೆರಳು ಅದುಮಿ ಇಳಿಸುತ್ತಾನೆ. ಮೈಮೇಲೆ ಬಂದಾಗ ಆಡಿದ ಮಾತಿಗೆ ಯಾರೂ ಜವಾಬ್ದಾರರಲ್ಲ. ಎದುರು ಮನೆಯ ಬು ತರ್ಮಿ ವರ್ಷಕ್ಕೊಮ್ಮೆಯಾದರೂ ಹೀಗೆ ಮೈಮರೆತು ತನ್ನ ಅತ್ತೆಯನ್ನು ಝಾಡಿಸುತ್ತಿದ್ದಳು. ಅತ್ತೆ ಕೈ ಜೋಡಿಸಿಕೊಂಡು "ಆಗಲಿ ಅಜ್ಜಿ, ತಪ್ಪಾಯ್ತು ಅಜ್ಜಿ" ಎನ್ನುತ್ತಾ ಸಿಹಿ ಕಾಫಿ ಕುಡಿಸುತ್ತಿದ್ದಳು. ಆ ಕಾಫಿ ಕಾಯಿಸಿ ತರುತ್ತಿದ್ದವಳು ಪರ್ಜಿಲಾ. ಏಕೆಂದರೆ ಸುತ್ತಲ ಊರುಗಳಿಗೆಲ್ಲ ಪಾವಾಂಗ್ ಆಗಿದ್ದ ತುಕಿರಾನ್ ಅವಳ ಗಂಡ. ಅವನು ಚಾಟಿ ಹಿಡಿದು ಕಣದಲ್ಲಿ ನಿಂತರೆ ಅವಳು ಹಿಂದೆ ಎಸಳು ತೊಳೆಯುತ್ತಾ, ಧೂಪಕ್ಕೆ ಕೆಂಡ ಊದುತ್ತಾ ಇರುತ್ತಿದ್ದಳು. ಪಕ್ಕದ ಮನೆಯವಳಾದ ನಾನು ಇದನ್ನು ನೋಡುತ್ತಲೇ ಬೆಳೆದೆ.

"ನಿನಗೆ ಒಂದ್ಸಲನೂ ಬರಲ್ವೇನೇ ಪರ್ಜಿಲಾ?" ಎಂದು ಹೆಂಗಸರು ಛೇಡಿಸುತ್ತಿದ್ದರು.

"ನನ್ನ ಮೈಯಲ್ಲಿ ನನಗೇ ಜಾಗ ಸಾಲ್ತಿಲ್ಲ. ಇನ್ನೊಬ್ಬರನ್ನ ಎಲ್ಲಿ ಕೂರಿಸಲಿ?" ಎನ್ನುತ್ತಿದ್ದಳು ದಪ್ಪ ಮೈಯ ಪರ್ಜಿಲಾ ಅಕ್ಕ.

ಅವಳಿಗೆ ನಿಜವಾಗಿ ನೋವಿದ್ದದ್ದು ತಂಗಿ ಮಿಸಿನಾಳ ವಿಷಯದಲ್ಲಿ. ಮಿಸಿನಾ ಕೆಳಗಿನ ಊರಿನ ಶಾಲೆಯ ಕ್ಯಾಂಟೀನಿನಲ್ಲಿ ತೆಂಪೆ, ಅಂದರೆ ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ, ಕರಿದು ಮಾರುತ್ತಿದ್ದಳು. ಒಂದು ಸೋಮವಾರ ಧ್ವಜವಂದನೆಯ ಹೊತ್ತಿಗೆ ಒಬ್ಬ ಹುಡುಗಿ ಕಿರುಚಿ ಬಿದ್ದಳು. ಅವಳನ್ನು ಎತ್ತಲು ಹೋದವಳೂ ಬಿದ್ದಳು. ಆಮೇಲೆ ಸಾಲು ಸಾಲಾಗಿ. ತುಕಿರಾನ್‌ನನ್ನು ಕರೆಸಿದರು. ಅವನು ಬೆವರು ಸುರಿಸಿ ಒಬ್ಬೊಬ್ಬಳನ್ನೇ ಇಳಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತಂದೆತಾಯಿಯರು, ಹೆಡ್ಮಾಸ್ತರು, ಪೊಲೀಸಿನವರು ಎಲ್ಲರದ್ದೂ ಒಂದೇ ಪ್ರಶ್ನೆ: ಇದು ಎಲ್ಲಿಂದ ಬಂತು? ಮೊದಲು ಬಿದ್ದ ಹುಡುಗಿ ಬೆಳಗ್ಗೆ ಮಿಸಿನಾಳ ಹತ್ತಿರ ತೆಂಪೆ ತಿಂದಿದ್ದಳು ಎಂದು ಬು ತರ್ಮಿ ಜ್ಞಾಪಿಸಿದಳು. ಸುಸ್ತಾಗಿದ್ದ ತುಕಿರಾನ್, "ಇರಬಹುದು" ಎಂದ.

ಅವತ್ತು ಅರ್ಧ ಶಾಲೆಯೇ ಅಲ್ಲಿ ತೆಂಪೆ ತಿಂದಿತ್ತು. ಅದನ್ನು ಯಾರೂ ಜ್ಞಾಪಿಸಲಿಲ್ಲ. ಮರುದಿನದಿಂದ ಮಿಸಿನಾಳ ಕೈಯಿಂದ ಯಾರೂ ಏನೂ ತಿನ್ನಲಿಲ್ಲ. ಕ್ಯಾಂಟೀನು ಹೋಯಿತು. ಅವಳು ಹೆದ್ದಾರಿಯ ಪಕ್ಕ ತಗಡಿನ ಅಂಗಡಿ ಹಾಕಿಕೊಂಡಳು. ಅಲ್ಲಿ ನಿಲ್ಲುತ್ತಿದ್ದವರು ದೂರದ ಲಾರಿಯವರು ಮಾತ್ರ, ಅವರಿಗೆ ವಿಷಯ ಗೊತ್ತಿರಲಿಲ್ಲ. ಭಾವನ ಮನೆಯ ಹೊಸ್ತಿಲನ್ನು ಅವಳು ಮತ್ತೆ ತುಳಿಯಲಿಲ್ಲ. ಉಪವಾಸದ ತಿಂಗಳು ಮುಗಿದು ಲೆಬಾರಾನ್ ಹಬ್ಬ ಬಂದಾಗ ಕಿರಿಯರು ಹಿರಿಯರ ಮನೆಗೆ ಹೋಗಿ ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳಿ ಬರುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಪದ್ಧತಿ. ಮಿಸಿನಾ ಅದಕ್ಕೂ ಬರಲಿಲ್ಲ. ಪ್ರತಿ ಹಬ್ಬಕ್ಕೂ ಪರ್ಜಿಲಾ ಅಕ್ಕ ತಂಗಿಗೆಂದು ಕಡುಬು ತೆಗೆದಿಟ್ಟು, ಕೊನೆಗೆ ಅದನ್ನು ನಮ್ಮ ಮನೆಗೆ ಕೊಡುತ್ತಿದ್ದಳು. ತಂಗಿ ಮನೆಗೆ ಬರಬೇಕು, ಗಂಡ ಅವಳ ಕೈಯಡುಗೆ ಉಣ್ಣಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಆದರೆ ಪಾವಾಂಗ್ ತನ್ನ ಮಾತನ್ನು ತಾನೇ ವಾಪಸು ತೆಗೆದುಕೊಂಡರೆ ಅವನು ಎಂಥ ಪಾವಾಂಗ್?

ಹೀಗಿರುವಾಗ ಜಕಾರ್ತಾದಿಂದ ಸಿನಿಮಾದವರು ಬಂದರು.

ನಿರ್ದೇಶಕನ ಹೆಸರು ಅದ್ನಾನ್. ಕಪ್ಪು ಅಂಗಿ, ತೆಳ್ಳಗಿನ ಮೈ, ಹಿರಿಯ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎಂದು ಮರ್ಯಾದೆ ಕೊಡುವ ವಿನಯದ ಹುಡುಗ. ತುಕಿರಾನ್‌ನ ಜಗಲಿಯ ಮೇಲೆ ಕೂತು ಕತೆ ಹೇಳಿದ.

"ಪಾಕ್, ನಮ್ಮ ಕತೇಲಿ ದೆವ್ವ ಅನ್ನೋದು ಒಂದು ಸೋಂಕಿನ ಹಾಗೆ. ಒಬ್ಬಳು ಹೆಂಗಸಿಂದ ಶುರು. ಅವಳು ಯಾರನ್ನ ಮುಟ್ತಾಳೋ ಅವರಿಗೆ ಹಿಡಿಯತ್ತೆ. ಅವರು ಮುಟ್ಟಿದವರಿಗೆ ಹಿಡಿಯತ್ತೆ. ಕತ್ತಲಾಗೋದ್ರೊಳಗೆ ಇಡೀ ಊರಿಗೆ."

"ಬರೀ ಮುಟ್ಟಿದ್ರೆ?" ತುಕಿರಾನ್ ಕೇಳಿದ.

"ಮುಟ್ಟಿದ್ರೆ ಸಾಕು. ಕಚ್ಚಿದ್ರೆ ಇನ್ನೂ ಬೇಗ."

ಬು ತರ್ಮಿಯ ಗಂಡ ಕರ್ನೊ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದೇನು ಅಜ್ಜನೋ ಕಜ್ಜಿಯೋ?"

"ಇಲ್ಲ ತಮ್ಮಾ, ಅವರು ಹಾಗೆಲ್ಲ ಬರಲ್ಲ," ಎಂದ ತುಕಿರಾನ್ ಸಮಾಧಾನದಿಂದ. "ಧೂಪ ಹಾಕಬೇಕು, ತಾಳ ಬಡೀಬೇಕು, ಹೂವಿಡಬೇಕು. ಮರ್ಯಾದಸ್ಥ ಹಿರಿಯರು. ಒಂದು ತಲೆಯಿಂದ ಇನ್ನೊಂದು ತಲೆಗೆ ಹೇನಿನ ಥರ ಹತ್ತೋಕೆ ಅವರಿಗೇನು ಗತಿಯಿಲ್ವಾ?"

ಪರ್ಜಿಲಾ ಅಕ್ಕ ಕಾಫಿ ಲೋಟಗಳನ್ನು ಇಡುತ್ತಾ ಕೇಳಿದಳು: "ಹಾಗಾದ್ರೆ ತೆಂಪೆ ಜೊತೆ ಹೇಗೆ ಬಂದ್ರು?"

ಕರ್ನೊ ಸಿಗರೇಟು ಹುಡುಕತೊಡಗಿದ.

"ಒಳಗಿಂದ ಬಾಳೆಹಣ್ಣು ತಗೊಂಡು ಬಾ," ಎಂದ ತುಕಿರಾನ್.

ಬಾಳೆಹಣ್ಣು ತಂದಿಟ್ಟ ಅವಳು ಅಲ್ಲೇ ನಿಂತು ಅದ್ನಾನನನ್ನು ಕೇಳಿದಳು. "ಆ ಮೊದಲನೇ ಹೆಂಗಸಿಗೆ ಕೊನೇಲಿ ಏನಾಗತ್ತಪ್ಪ?"

"ಊರವರೆಲ್ಲ ಸೇರಿ ಸುಟ್ಟು ಹಾಕ್ತಾರೆ, ಬು."

"ಅಯ್ಯೋ, ನಮ್ಮೂರಲ್ಲಿ ಅಷ್ಟೊಂದು ಸೀಮೆಎಣ್ಣೆ ದಂಡ ಮಾಡಲ್ಲ. ಅವಳ ಅಂಗಡಿಗೆ ಹೋಗೋದು ನಿಲ್ಲಿಸ್ತೀವಿ, ಅಷ್ಟೇ."

ಅದ್ನಾನ್ ಇದನ್ನು ಹಳ್ಳಿಯವರ ಹಾಸ್ಯ ಎಂದುಕೊಂಡು ನಕ್ಕ.

ಊರವರು ಒಂದು ಷರತ್ತು ಹಾಕಿದರು: ಸಂಜೆಯ ನಮಾಜಿನ ಕರೆ ಆಗುವುದರೊಳಗೆ ಎಲ್ಲ ಮುಗಿಯಬೇಕು. ಕತ್ತಲಿನಲ್ಲಿ ಇಂಥ ಆಟ ಬೇಡ. ಹಾಗಾಗಿ ಸಿನಿಮಾದವರು ತಂಬಾಕು ಒಣಗಿಸುವ ಗೋದಾಮಿನ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು, ಮಟಮಟ ಮಧ್ಯಾಹ್ನ ನಡುರಾತ್ರಿ ಮಾಡಿಕೊಂಡರು. ಮೊದಲ ಹೆಂಗಸಿನ ಪಾತ್ರಕ್ಕೆ ಜಕಾರ್ತಾದ ನಟಿಯೊಬ್ಬಳು ಬಂದಿದ್ದಳು. ಸೋಂಕು ತಗಲುವ ಊರಿನವರಾಗಿ ನಾವೆಲ್ಲ. ಪಾವಾಂಗ್ ಪಾತ್ರಕ್ಕೆ ಯಾವ ನಟನೂ ತುಕಿರಾನ್‌ನಷ್ಟು ಪಾವಾಂಗ್ ಥರ ಕಾಣುವುದಿಲ್ಲವೆಂದು ಅವನನ್ನೇ ನಿಲ್ಲಿಸಿದರು.

ಮೊದಲ ದಿನವೇ ಕೆಟ್ಟಿತು. ಊರಿನವರಿಗೆ ಭಾವನೆ ಬರಲಿ ಎಂದು ಅದ್ನಾನ್ ಸ್ಪೀಕರಿನಲ್ಲಿ ಬಿದಿರು ಕುದುರೆಯ ತಾಳ ಹಾಕಿಸಿದ. ಬಂದುಬಿಟ್ಟಿತು. ಅರ್ಧ ಜನ ನಿಜವಾಗಿಯೇ ಮೈಮರೆತರು. "ಕಟ್, ಕಟ್" ಎಂದು ಅವನು ಕೂಗಿದರೆ ಯಾರಿಗೆ ಕೇಳಬೇಕು? ಒಬ್ಬ ಮೇಕಪ್ಪಿನ ಸ್ಪಂಜು ತಿಂದ. ಇನ್ನೊಬ್ಬ ಕ್ಯಾಮೆರಾ ಮುಂದೆ ಕುದುರೆಯಂತೆ ಕೆನೆಯುತ್ತಾ ಸುತ್ತಿದ. ನಟಿ ಪಾಪ, ಹೇಳಿಕೊಟ್ಟ ಹಾಗೆ ಕರ್ನೊನ ಭುಜ ಮುಟ್ಟಿದಳು. ತಾಳ ಕೇಳಿದಾಗಿನಿಂದ ಅವನ ಕಣ್ಣು ಮೇಲಕ್ಕೇರಿಯೇ ಇತ್ತು. ಅವಳು ಮುಟ್ಟುವುದಕ್ಕೂ ಅವನು ದಬಕ್ಕನೆ ಬೀಳುವುದಕ್ಕೂ ಸರಿಹೋಯಿತು.

"ನಾನು ಮುಟ್ಟಿದ್ದಕ್ಕೇ ಆಯ್ತು! ನಾನು ಮುಟ್ಟಿದ್ದಕ್ಕೇ!" ಎಂದು ಅವಳು ಚೀರಿದಳು. ತುಕಿರಾನ್ ಎಲ್ಲರನ್ನೂ ಇಳಿಸುವಷ್ಟರಲ್ಲಿ ಅವಳ ಕಾರು ಬೆಟ್ಟವನ್ನೇ ಇಳಿದಿತ್ತು. ಸಿನಿಮಾದ ಸೋಂಕು ಮೊದಲು ಹಿಡಿದದ್ದು ಸಿನಿಮಾದವಳಿಗೇ.

ಅದ್ನಾನ್ ತಲೆ ಮೇಲೆ ಕೈ ಹೊತ್ತು ಕೂತ. ತಾಳ ಬಂದ್ ಮಾಡಿದರೂ ಊರಿನ ಹೆಂಗಸರಿಗೆ ಆ ಪಾತ್ರ ಕೊಡುವಂತಿರಲಿಲ್ಲ. ಯಾರಿಗೆ ಯಾವಾಗ ಬರುತ್ತದೋ ಹೇಳುವವರಾರು?

"ನನ್ನ ಹೆಂಡ್ತಿಗೆ ಕೊಡಿ," ಎಂದ ತುಕಿರಾನ್.

"ಅವರಿಗೆ ಬರಲ್ವಾ ಪಾಕ್?"

"ಇವಳಿಗಾ?" ತುಕಿರಾನ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಇವಳ ಮೈಮೇಲೆ ಬರೋಕೆ ಯಾವ ಅಜ್ಜನಿಗೂ ಮನಸ್ಸಾಗಲ್ಲ. ಬಂದ್ರೆ ನಾನು ಚಾಟಿ ಕೆಳಗಿಟ್ಟು ಆಡು ಮೇಯಿಸೋಕೆ ಹೋಗ್ತೀನಿ. ಬರೆದಿಟ್ಕೊಳ್ಳಿ."

ಊರೆಲ್ಲ ನಕ್ಕಿತು. ಪರ್ಜಿಲಾ ಅಕ್ಕನೂ ನಕ್ಕಳು, ಸ್ವಲ್ಪ ತಡವಾಗಿ.

ಮರುದಿನ ಅವಳ ತಲೆ ಕೆದರಿ, ಮುಖಕ್ಕೆ ಬೂದಿಬಣ್ಣ ಬಳಿದು, ಎರಡು ಕಣ್ಣಿಗೂ ಬಿಳಿಯ ಲೆನ್ಸ್ ತೂರಿಸಿದರು. ನೋಡಿದರೆ ಎದೆ ಝಲ್ಲೆನ್ನುವಂತಿತ್ತು. ಕತೆಯ ಪ್ರಕಾರ ಪಾವಾಂಗ್ ಅವಳನ್ನು ಪ್ರಶ್ನಿಸಬೇಕು, ಅವಳು ಗುರುಗುಟ್ಟಿ ಪಕ್ಕದಲ್ಲಿರುವ ಬು ತರ್ಮಿಯ ಕತ್ತನ್ನು ಕಚ್ಚಬೇಕು, ತರ್ಮಿ ಬೀಳಬೇಕು. ಅಷ್ಟೇ.

ಕ್ಯಾಮೆರಾ ಓಡಿತು. ಪರ್ಜಿಲಾ ಅಕ್ಕ ತೆವಳುತ್ತಾ ಬಂದಳು, ಗುರುಗುಟ್ಟಿದಳು, ತರ್ಮಿಯ ಕತ್ತಿನವರೆಗೂ ಬಾಯಿ ತಂದಳು. ಅಲ್ಲಿಗೆ ನಿಂತಳು. ಕಚ್ಚಲಿಲ್ಲ. ನಿಧಾನವಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆನ್ನು ನೆಟ್ಟಗೆ ಮಾಡಿದಳು.

ತುಕಿರಾನ್ ಅಭ್ಯಾಸಬಲದಿಂದ ಮಂಡಿಯೂರಿ ಕೇಳಿದ: "ತಾವು ಯಾರು? ಎಲ್ಲಿಂದ ಬಂದಿರಿ?"

"ಎಲ್ಲಿಂದಾದ್ರೆ ನಿನಗೇನೋ. ಹಸಿವಾಗಿದೆ."

ಮದುವೆಯಾದಾಗಿನಿಂದ ಅವಳು ಗಂಡನಿಗೆ "ನೀನು" ಎಂದದ್ದನ್ನು ಯಾರೂ ಕೇಳಿರಲಿಲ್ಲ. ಗೋದಾಮಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ನೆಲಕ್ಕೆ ಕೂತರು.

"ಏನು ಬೇಕು ತಮಗೆ? ಹೂವು ತರಿಸಲೇ? ಕಾಫಿಯೇ?"

"ಹೂವು ತಿಂದು ತಿಂದು ನಾಲಿಗೆ ಕೆಟ್ಟಿದೆ. ಕರಿದ ತೆಂಪೆ ಬೇಕು. ಮಿಸಿನಾ ಬಂದು ಕರೀಬೇಕು, ಇಲ್ಲೇ. ಮೊದಲ ತುತ್ತು ನೀನು ತಿನ್ನಬೇಕು. ಆಮೇಲೆ ಈ ಕುರಿಗಳೆಲ್ಲ. ಉಳಿದಿದ್ರೆ ನನಗೆ."

"ಕಟ್," ಎಂದ ಅದ್ನಾನ್. ಯಾರೂ ಅಲುಗಲಿಲ್ಲ. ಅವನು ಪಕ್ಕದಲ್ಲಿದ್ದ ನನ್ನನ್ನು ಪಿಸುದನಿಯಲ್ಲಿ ಕೇಳಿದ: "ತೆಂಪೆ ಎಲ್ಲಿಂದ ಬಂತು? ನಾನು ಬರೆದಿಲ್ಲ."

ತುಕಿರಾನ್‌ನ ಸ್ಥಿತಿ ಯಾರಿಗೂ ಬೇಡ. ಬಂದದ್ದು ನಿಜವೋ ಸುಳ್ಳೋ ಎನ್ನುವುದನ್ನು ಪಾವಾಂಗ್ ಕಂಡುಕೊಳ್ಳುವುದು ಕಣ್ಣಿನಲ್ಲಿ. ಪಾಪೆ ಎಲ್ಲಿ ನಿಂತಿದೆ, ರೆಪ್ಪೆ ಹೇಗೆ ಬಡಿಯುತ್ತದೆ ಎಂದು ನೋಡಬೇಕು. ಅವನು ಬಗ್ಗಿ ನೋಡಿದ. ಎರಡು ಬಿಳಿ ಬಿಲ್ಲೆಗಳು ಅವನನ್ನೇ ದಿಟ್ಟಿಸಿದವು. ನಿಜವಾಗಿ ಬಂದಿದೆ ಎಂದರೆ ನಿನ್ನೆ ಊರೆದುರು ಕೊಟ್ಟ ಭರವಸೆ ಸುಳ್ಳು. ಬಂದಿಲ್ಲ ಎಂದರೆ, ಅಷ್ಟು ಜನರೆದುರು ಅವನನ್ನು ಏಕವಚನದಲ್ಲಿ ಕರೆದದ್ದು ಅವನ ಸ್ವಂತ ಹೆಂಡತಿ.

ಅವನು ತಲೆಬಾಗಿ, "ಆಗಲಿ ಅಜ್ಜಿ," ಎಂದ.

ಕರ್ನೊ ಬೈಕು ಹತ್ತಿ ಹೆದ್ದಾರಿಗೆ ಓಡಿದ. ಮಿಸಿನಾ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಬಂದಿಳಿದಾಗ ಅವಳ ಮುಖ ಧುಮುಗುಡುತ್ತಿತ್ತು. ಅಕ್ಕ ತೆಳ್ಳಗೆ, ಚೂಪು ಮೂಗಿನವಳಾಗಿದ್ದರೆ ಹೇಗಿರುತ್ತಿದ್ದಳೋ ಹಾಗೆ ಅವಳು.

"ಇಷ್ಟು ವರ್ಷ ಮನುಷ್ಯರ್ಯಾರಿಗೂ ಬಾಯಿರಲಿಲ್ವಾ? ಕರೆಯೋಕೆ ದೆವ್ವನೇ ಬರಬೇಕಾಯ್ತಾ?"

"ಶ್‌, ಅಜ್ಜಿ ಅನ್ನು," ಎಂದ ಕರ್ನೊ.

ಸಿನಿಮಾದವರ ಗ್ಯಾಸ್ ಒಲೆಯ ಮೇಲೆ ಎಣ್ಣೆ ಕಾಯಿಸಿ ಅವಳು ತೆಂಪೆ ಬಿಟ್ಟಳು. ತಟ್ಟೆ ತಂದು ಅಕ್ಕನ ಮುಂದಿಡುವಾಗ ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಅಜ್ಜಿ ಚಕ್ಕಳಮಕ್ಕಳದಿಂದ ಎಡಗಾಲನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಜಾರಿಸುತ್ತಿದ್ದರು.

"ಅಜ್ಜಿಗೆ ಎಡಮಂಡಿ ನೋವಿರೋ ಹಾಗಿದೆ," ಎಂದಳು ಮಿಸಿನಾ ಬಹಳ ಮರ್ಯಾದೆಯಿಂದ. "ಕಾಲು ನೀಡಿಕೊಳ್ಳಿ ಅಜ್ಜಿ, ನಾಚಿಕೆ ಬೇಡ."

"ನಿನ್ನ ಬಾಣಲೆ ನೋಡ್ಕೋ ಹೋಗು," ಎಂದರು ಅಜ್ಜಿ.

ತುಕಿರಾನ್ ಕಣ್ಣು ಮುಚ್ಚಿ, ಕಷಾಯ ಕುಡಿಯುವವನ ಹಾಗೆ ಮೊದಲ ತುತ್ತನ್ನು ನುಂಗಿದ. ಆಮೇಲೆ ಊರು ತಿಂದಿತು. ಯಾರೂ ಬೀಳಲಿಲ್ಲ. ಕೊನೆಗೆ ಅವನು ಹೆಂಡತಿಯ ಹೆಬ್ಬೆರಳು ಅದುಮಿದ. ಅವಳು ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ವಾಲಿ, ಕಣ್ಣು ಪಿಳಿಪಿಳಿ ಮಾಡಿ, "ನಾನೆಲ್ಲಿದ್ದೀನಿ? ಯಾಕೆ ಎಲ್ಲ ಹೀಗೆ ನೋಡ್ತಿದ್ದೀರಿ?" ಎಂದಳು. ಬದುಕಿಡೀ ಇದನ್ನು ನೋಡುತ್ತಾ ಕಾಫಿ ಕೊಟ್ಟವಳು, ಒಂದಕ್ಷರ ತಪ್ಪಲಿಲ್ಲ.

ಲೆನ್ಸ್ ತೆಗೆಸಿಕೊಳ್ಳುವಾಗ ನಾನು ಅವಳ ಕೈ ಹಿಡಿದಿದ್ದೆ. "ನಿಂಗೂ ಗೊತ್ತಾಯ್ತಾ?" ಎಂದು ಮೆಲ್ಲಗೆ ಕೇಳಿದಳು.

"ಮಂಡಿ," ಎಂದೆ.

"ಹಾಳಾದ ಮಂಡಿ. ಕಚ್ಚಬೇಕು ಅಂತಲೇ ಹೋದೆ ಕಣೇ. ಅವಳ ಕತ್ತು ಹತ್ತಿರ ಬಂದಾಗ ಅನ್ನಿಸ್ತು, ಇವಳನ್ನ ಕಚ್ಚಿದ್ರೆ ನನಗೇನು ಸಿಗತ್ತೆ? ಕೇಳಿದ್ರೆ ಏನಾದ್ರೂ ಸಿಗಬಹುದು."

ಏನೂ ಸಿಗಲಿಲ್ಲ. ಮಾರನೇ ದಿನ ಊರಿನ ಹೆಂಗಸರು ಹೆದ್ದಾರಿಯಲ್ಲಿ ಮಿಸಿನಾಳ ಅಂಗಡಿ ದಾಟಿಕೊಂಡೇ ಸಂತೆಗೆ ಹೋದರು. ಅಜ್ಜಿ ತಿನ್ನಿ ಎಂದಿದ್ದರು, ತಿಂದಾಯಿತು. ನಾಳೆಯೂ ತಿನ್ನಿ ಎಂದಿರಲಿಲ್ಲವಲ್ಲ. ತುಕಿರಾನ್ ಕೂಡ ಚಾಟಿ ಕೆಳಗಿಡಲಿಲ್ಲ, ಆಡು ಮೇಯಿಸಲು ಹೋಗಲಿಲ್ಲ. ಒಂದು ಮಧ್ಯಾಹ್ನ ಜಗಲಿಯ ಮೇಲೆ ಕೂತು ಬಿದಿರು ಸೀಳುತ್ತಾ ಹೆಂಡತಿಯನ್ನು ಕೇಳಿದ. ನಾನು ಬೇಲಿಯ ಈಚೆ ಬಟ್ಟೆ ಹರವುತ್ತಿದ್ದೆ.

"ಅವತ್ತು ಬಂದಿದ್ದೋರು ಯಾರು?"

"ನನಗೇನು ಗೊತ್ತು? ನಾನು ಅಲ್ಲಿರಲಿಲ್ಲವಲ್ಲ."

"ಆ ಬಿಳೀದು ತೆಗೆಸಿದ್ರೆ ಹೇಳಿಬಿಡ್ತಿದ್ದೆ."

"ತೆಗೀರಿ ಅನ್ನಬಹುದಿತ್ತು. ನೀವೇ ಪಾವಾಂಗ್."

ತುಕಿರಾನ್ ಬಿದಿರಿನ ಸಿಬಿರು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡ.

ಮುಂದಿನ ವಾರ ಹೆಂಗಸರ ಚೀಟಿಯ ಸಭೆ ಬು ತರ್ಮಿಯ ಮನೆಯಲ್ಲಿ. ತಾಳವಿರಲಿಲ್ಲ, ಧೂಪವಿರಲಿಲ್ಲ. ತರ್ಮಿ ಸಿನಿಮಾ ದಿನದ ಕತೆಯನ್ನು ಬರದವರಿಗೆ ಹೇಳುತ್ತಿದ್ದಳು. ಪರ್ಜಿಲಾ ಹೇಗೆ ತೆವಳಿದಳು, ತನ್ನ ಕತ್ತಿಗೆ ಉಸಿರು ಹೇಗೆ ತಾಗಿತು ಎಂದು ತೋರಿಸಲು ತೆವಳಿದವಳು ಏಳಲೇ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂತು, ಬೆನ್ನು ನೆಟ್ಟಗೆ ಮಾಡಿ, "ಹಸಿವಾಗಿದೆ. ಮಿಸಿನಾನ ಕರೀರಿ," ಎಂದಳು. ಎಡಗಾಲನ್ನು ಮೆಲ್ಲಗೆ ಹೊರಗೆ ಜಾರಿಸಿದಳು. ತರ್ಮಿಯ ಮಂಡಿಗೆ ಏನೂ ಆಗಿರಲಿಲ್ಲ.

ತುಕಿರಾನ್ ಓಡಿಬಂದ. ಈ ಸಲ ಲೆನ್ಸ್ ಇರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದ. "ನಿಜ," ಎಂದ.

ಪರ್ಜಿಲಾ ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಷ್ಟು ಬಿಳುಚಿಕೊಂಡ ಮುಖವನ್ನು ಸಿನಿಮಾದವರ ಬಣ್ಣವೂ ಮಾಡಿರಲಿಲ್ಲ. "ಅಂಥವರು ಯಾರೂ ಇಲ್ಲ ಕಣೇ," ಎಂದು ನನ್ನ ತೋಳು ಹಿಸುಕಿದಳು. "ಅವರನ್ನ ನಾನೇ ಮಾಡಿದ್ದು. ಇವಳ ಹತ್ತಿರ ಹೇಗೆ ಬಂದ್ರು?"

ಅಜ್ಜಿ ತರ್ಮಿಯಲ್ಲಿಗೇ ನಿಲ್ಲಲಿಲ್ಲ. ತರ್ಮಿಯಿಂದ ಅವಳ ನಾದಿನಿಗೆ, ನಾದಿನಿಯಿಂದ ಮೇಲ್ಕೇರಿಗೆ, ಅಲ್ಲಿಂದ ಪಕ್ಕದ ಊರಿಗೆ. ಎಲ್ಲರಿಗೂ ಅದೇ ಅಜ್ಜಿ, ಅದೇ ಮಂಡಿನೋವು, ಅದೇ ತೆಂಪೆ. ಅದ್ನಾನ್ ಜಗಲಿಯಲ್ಲಿ ಹೇಳಿದ್ದ ಹಾಗೆಯೇ ಹರಡಿತು. ಮುಟ್ಟುವ ಅಗತ್ಯವೂ ಬೀಳಲಿಲ್ಲ, ಹೇಳಿದರೆ ಸಾಕಿತ್ತು. ಮೇಲ್ಕೇರಿಯ ಒಬ್ಬಳು ತೆಂಪೆಯ ಜೊತೆ ಹೊಸ ಗ್ಯಾಸ್ ಒಲೆಯನ್ನೂ ಕೇಳಿದಳು. ಅದು ಅಜ್ಜಿಯ ಮಾತಲ್ಲ, ಇವಳದೇ ಎಂದು ತುಕಿರಾನ್ ಕಣ್ಣು ನೋಡದೆಯೇ ಹೇಳಿದ. ಮಿಸಿನಾ ಬುಟ್ಟಿ ಹೊತ್ತುಕೊಂಡು ಮನೆ ಮನೆಗೆ ಹೋಗಬೇಕಾಯಿತು. "ನಿಮ್ಮ ಅಜ್ಜಿಗೆ ಹೇಳಿ, ಬೆಳಗ್ಗೆ ಎಂಟರ ಮೊದಲು ಹಸಿವಾಗಬಾರದು ಅಂತ. ನನಗೂ ನಿದ್ದೆ ಬೇಕು," ಎಂದು ಬಯ್ಯುತ್ತಿದ್ದಳು. ಬಯ್ಯುವಾಗ ಅವಳ ಮುಖದ ಕಳೆಯೇ ಬೇರೆ ಇತ್ತು.

ಆಮೇಲೆ ಉಪವಾಸದ ತಿಂಗಳು ಬಂತು. ಆ ತಿಂಗಳು ಅಜ್ಜ ಅಜ್ಜಿಯರಿಗೆಲ್ಲ ಬಂಧನ. ಯಾರ ಮೈಮೇಲೂ ಯಾರೂ ಬರುವುದಿಲ್ಲ. ಪರ್ಜಿಲಾ ಅಕ್ಕ ಹೆದರಿದಳು. ಅಜ್ಜಿ ಇಲ್ಲದಿದ್ದರೆ ತಂಗಿಯ ಕಡೆ ತಲೆ ಹಾಕುವವರಾರು? ಆದರೆ ಮೊದಲ ಸಂಜೆಯೇ, ಉಪವಾಸ ಬಿಡುವ ಹೊತ್ತಿಗೆ ಮುಂಚೆ, ಮಿಸಿನಾಳ ತಗಡಿನ ಅಂಗಡಿ ಮುಂದೆ ಬೈಕುಗಳು ನಿಂತವು. ಕರ್ನೊ ಮೊದಲಿನವನು. "ಬಾಯಿಗೆ ರುಚಿ ಹತ್ತಿಬಿಟ್ಟಿದೆ," ಎಂದು ಸಂಕೋಚದಿಂದ ಪೊಟ್ಟಣ ಕಟ್ಟಿಸಿಕೊಂಡ.

ಸಿನಿಮಾ ಆಮೇಲೆ ಯಾವಾಗಲೋ ಮಾಗೆಲಾಂಗ್ ಪೇಟೆಯ ಥಿಯೇಟರಿಗೆ ಬಂತು. ವ್ಯಾನು ಮಾಡಿಕೊಂಡು ಹೋಗಿ ನೋಡಿದೆವು. ಪರ್ಜಿಲಾ ಅಕ್ಕ ಪರದೆಯ ತುಂಬ ಇದ್ದಳು. ಅವಳು ತೆಂಪೆ ಕೇಳುವ ಜಾಗದಲ್ಲಿ ಮಾತು ತೆಗೆದು ಹುಲಿಯ ಘರ್ಜನೆ ಹಾಕಿದ್ದರು. ತೆಂಪೆ ಕೇಳುವ ದೆವ್ವಕ್ಕೆ ಜಕಾರ್ತಾದಲ್ಲಿ ಯಾರೂ ಹೆದರುವುದಿಲ್ಲವಂತೆ. ತುಕಿರಾನ್ ತಲೆಬಾಗುವುದನ್ನು ಮಾತ್ರ ಹಾಗೇ ಬಿಟ್ಟಿದ್ದರು.

ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಮೊದಲು, ಆ ಉಪವಾಸದ ತಿಂಗಳು ಮುಗಿದಾಗ ಬಂದ ಲೆಬಾರಾನ್ ಹಬ್ಬದ ವಿಷಯ. ಹಬ್ಬದ ಹಿಂದಿನ ದಿನ ಪರ್ಜಿಲಾ ಅಕ್ಕ ತಂಗಿಯ ಹತ್ತಿರ ಹೋಗಿದ್ದಳು.

"ಈಗ ಊರೇ ತಿಂತಿದೆ. ನಾಳೆ ಮನೆಗೆ ಬಾರೇ."

"ಕಿರಿಯವಳು ಬಂದು ಕ್ಷಮೆ ಕೇಳಬೇಕು, ಅಲ್ವಾ ಅಕ್ಕಾ? ಯಾವ ತಪ್ಪಿಗೆ ಕೇಳಲಿ? ತೆಂಪೆ ಕರಿದ ತಪ್ಪಿಗಾ?"

"ನಿನ್ನ ಭಾವ ಅವತ್ತು ತಿಂದ್ರಲ್ಲೇ."

"ಅಜ್ಜಿ ತಿನ್ನಿಸಿದ್ದು. ಭಾವ ತಾವಾಗೇ ತಿಂದಿಲ್ಲ." ಮಿಸಿನಾ ಎಣ್ಣೆ ಸೋಸುತ್ತಾ ಹೇಳಿದಳು. "ನಿನ್ನ ಅಜ್ಜಿ ಇಡೀ ಊರನ್ನ ಬಗ್ಗಿಸಿದ್ಲು. ನಿನ್ನ ಗಂಡನ್ನ ಬಗ್ಗಿಸೋಕೆ ಅವಳ ಕೈಲೂ ಆಗಲಿಲ್ಲ, ಬಿಡು."

ಇದನ್ನು ಅಕ್ಕ ಮನೆಗೆ ಬಂದು ಗಂಡನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ಹಬ್ಬದ ದಿನ ಬಾಟಿಕ್ ಅಂಗಿ ತೊಟ್ಟು, ಸಾಲಾಗಿ ಬಂದ ಕಿರಿಯರಿಗೆಲ್ಲ ಕೈ ನೀಡಿ ಕ್ಷಮಿಸಿದ. ಎರಡನೇ ದಿನ ಮಧ್ಯಾಹ್ನ ಮನೆ ಖಾಲಿಯಾದಾಗ ಎದ್ದು ಬೈಕು ತೆಗೆದ.

"ಚಕ್ರಕ್ಕೆ ಗಾಳಿ ಹೊಡೆಸಿಕೊಂಡು ಬರ್ತೀನಿ."

ಅಕ್ಕ ಟೈರನ್ನು ಕಾಲಿನಿಂದ ಒತ್ತಿ ನೋಡಿದಳು. ಕಲ್ಲಿನ ಹಾಗಿತ್ತು. "ನಾನೂ ಬರ್ತೀನಿ," ಎಂದು ಹಿಂದೆ ಕೂತಳು.

ಆ ಹೊತ್ತಿಗೆ ನಾನು, ಬು ತರ್ಮಿ ಎಲ್ಲ ಮಿಸಿನಾಳ ಬೆಂಚಿನ ಮೇಲೆಯೇ ಇದ್ದೆವು. ತುಕಿರಾನ್ ಬೈಕು ನಿಲ್ಲಿಸಿ, ಪಕ್ಕದ ಗಾಳಿ ಅಂಗಡಿಯ ಕಡೆ ನೋಡಿದ. ಹಬ್ಬಕ್ಕೆ ಅದು ಮುಚ್ಚಿತ್ತು. ಬೇರೆ ದಾರಿ ಕಾಣದೆ ಬೆಂಚಿಗೆ ಬಂದ. ತರ್ಮಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಹಿರಿಯನೊಬ್ಬ ಕಿರಿಯವಳ ಹತ್ತಿರ ಹಬ್ಬಕ್ಕೆ ತಾನೇ ಬಂದದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ಮಿಸಿನಾ ಏಳಲಿಲ್ಲ. "ಯಾರಿಗೆ ಬೇಕಿತ್ತು ಭಾವ? ಯಾರಾದ್ರೂ ಮೈಮೇಲೆ ಬಂದು ಕಳಿಸಿದ್ರಾ?"

"ಯಾರೂ ಬಂದಿಲ್ಲ. ನನಗೇ. ಇದ್ಯಾ?"

ಅವಳು ತಟ್ಟೆ ಮುಂದಿಟ್ಟಳು. ತುಕಿರಾನ್ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಈ ಸಲ ಕಣ್ಣು ಮುಚ್ಚಲಿಲ್ಲ. ಬಹಳ ಹೊತ್ತು ಅಗಿದ. ಹೆದ್ದಾರಿಯಲ್ಲಿ ಲಾರಿಯೊಂದು ಹಾದುಹೋಯಿತು.

"ಉಪ್ಪು ಕಮ್ಮಿ," ಎಂದ.

"ಏನಂದ್ರಿ?"

"ಉಪ್ಪು ಕಮ್ಮಿ ಅಂದೆ. ಕೊತ್ತಂಬರಿನೂ ಸರಿಯಾಗಿ ಅರೆದಿಲ್ಲ. ಹಲ್ಲಿಗೆ ಸಿಗ್ತಿದೆ."

"ನೋಡಿ ಇವರನ್ನ! ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರು. ತೆಗೆದ ಕೂಡಲೇ ಇದಾ ಮಾತು?"

"ಮತ್ತೇನು ಹೇಳಬೇಕಿತ್ತು?"

"ಏನು ಹೇಳಬೇಕಿತ್ತು ಅಂತ ನಿಮಗೇ ಗೊತ್ತು."

ತುಕಿರಾನ್ ಎರಡನೇ ತುಂಡು ತೆಗೆದುಕೊಂಡು ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಅದ್ದಿದ. ರಸ್ತೆಯ ಕಡೆ ನೋಡುತ್ತಾ, ಬು ತರ್ಮಿಗೆ ಹೇಳುವವನ ಹಾಗೆ ಹೇಳಿದ: "ಅವತ್ತು ಶಾಲೆ ಹತ್ತಿರ ನಾನು ಗೊತ್ತಿಲ್ಲ ಅನ್ನಬೇಕಿತ್ತು. ಗೊತ್ತಿರಲಿಲ್ಲ."

ಬು ತರ್ಮಿ ತನ್ನ ಚಪ್ಪಲಿ ನೋಡಿಕೊಂಡಳು. ಮಿಸಿನಾ ಬಾಣಲೆಯ ಕಡೆ ತಿರುಗಿ, ಬೆಂದ ತುಂಡುಗಳನ್ನೇ ಮತ್ತೆ ಮಗುಚಿದಳು. ಬೆನ್ನು ಹಾಕಿಕೊಂಡೇ, "ಉಪ್ಪಿನ ಡಬ್ಬಿ ನಿಮ್ಮ ಕೈಗೆ ಸಿಗೋ ಹಾಗೇ ಇದೆ. ಹಾಕ್ಕೊಳ್ಳಿ," ಎಂದಳು.

ಪರ್ಜಿಲಾ ಅಕ್ಕ ಇಷ್ಟು ಹೊತ್ತು ಬೈಕಿನ ಪಕ್ಕ ನಿಂತೇ ಇದ್ದಳು. ಈಗ ಬಂದು ಬೆಂಚಿನ ತುದಿಯಲ್ಲಿ ಕೂತು, ಗಂಡನ ತಟ್ಟೆಯಿಂದಲೇ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. "ಎಲ್ಲಿ ಸಿಗ್ತಿದೆ ಕೊತ್ತಂಬರಿ? ಸರಿಯಾಗೇ ಅರೆದಿದ್ದಾಳೆ. ನಿಮ್ಮ ಹಲ್ಲೇ ಹಾಳಾಗಿರೋದು," ಎಂದು ಜಗಳ ಶುರುವಿಟ್ಟಳು.